‘ನೀರಿನ ಹತ್ತಿರ ಹೋಗಬೇಡ ಕಣೇ!’



ಹಿತಕಿದ ಬೇಳೆಯನ್ನು ಒಣಗಿಸಿ ಇಟ್ಟುಕೊಳ್ಳುವ ಬಗೆ ತಿಳಿಸುತ್ತೇನೆಂದು ಹೋದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆ. ಅದು ಮುಂದಿನ ಸಲಕ್ಕೆ ಇರಲಿ. ಈ ಸಲ ನಿಮ್ಮ ಜೊತೆ ಸಮುದ್ರದ ಮಾತಾಡಬೇಕಾಗಿದೆ. ಕೋಡಿಹಳ್ಳಿಯವಳಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ನಕ್ಕರೆ ತಪ್ಪಿಲ್ಲ. ಕನಕಪುರ ತಾಲ್ಲೂಕಿನ ನಮ್ಮ ಈ ಕಡೆ ನೀರಿನ ಮಾತೆಂದರೆ ಬೋರಿನಲ್ಲಿ ಎಷ್ಟಿಂಚು ಬಿತ್ತು, ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತೆ, ರಾತ್ರಿ ಆನೆ ಬಂದು ಪೈಪು ತುಳಿದು ಹೋಯಿತೇ, ಇಷ್ಟೇ. ನಲವತ್ತು ದಾಟಿದರೂ ನಾನು ಸಮುದ್ರ ನೋಡಿದ್ದು ಒಂದೇ ಸಲ. ಧರ್ಮಸ್ಥಳ, ಉಡುಪಿ ಟೂರು ಹೋದಾಗ ಮಲ್ಪೆಯಲ್ಲಿ ಬಸ್ಸಿನವನು ಅರ್ಧ ಗಂಟೆ ಟೈಮು ಕೊಟ್ಟಿದ್ದ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಪಾದ ನೆನೆಸಿಕೊಂಡು ಬಂದಿದ್ದೆ.

ದೀಪಾವಳಿ ಕಳೆದ ವಾರ ಬೆಂಗಳೂರಿನಿಂದ ಮಗಳ ಫೋನು ಬಂತು. ಅವಳು ಅಲ್ಲೊಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದಾಳೆ.

“ಅಮ್ಮ, ನಾಲ್ಕು ದಿನ ರಜ ಹಾಕಿದೀನಿ. ಉಡುಪಿ ಹತ್ರ ಕೋಡಿ ಬೆಂಗ್ರೆ ಅಂತ ಇದೆ. ಅಲ್ಲಿ ಸರ್ಫಿಂಗ್ ಕಲಿಯೋಕೆ ಹೋಗ್ತಿದೀನಿ.”

“ಅದೇನೇ ಅದು?”

“ಸಮುದ್ರದಲ್ಲಿ ಹಲಗೆ ಮೇಲೆ ನಿಂತ್ಕೊಂಡು ಅಲೆ ಮೇಲೆ ಬರೋದಮ್ಮ.”

ನಾನು ಫೋನು ಇಟ್ಟುಬಿಟ್ಟೆ. ಕೋಪದಿಂದಲ್ಲ, ಕೈ ನಡುಗುತ್ತಿತ್ತು.

ಅದಕ್ಕೆ ಕಾರಣ ಇದೆ. ಈ ಅಂಕಣದಲ್ಲಿ ಇಷ್ಟು ವರ್ಷ ನಾನು ಅದನ್ನು ಬರೆದಿಲ್ಲ. ನನ್ನ ತವರು ಚನ್ನಪಟ್ಟಣದ ಕಡೆಯ ಒಂದು ಊರು. ನನಗೆ ಒಂಬತ್ತು ವರ್ಷವಿದ್ದಾಗ ನನ್ನ ಅಕ್ಕ ಕೆರೆಯಲ್ಲಿ ಮುಳುಗಿ ತೀರಿಕೊಂಡಳು. ಅವಳಿಗೆ ಹದಿನಾಲ್ಕು. ಆ ವರ್ಷ ಕೆರೆ ತುಂಬಿ ಕೋಡಿ ಬಿದ್ದಿತ್ತು. ಊರಿನ ಹೆಂಗಸರೆಲ್ಲ ಬಟ್ಟೆ ಒಗೆಯಲು ಕೋಡಿಯ ಹತ್ತಿರ ಹೋಗಿದ್ದರು. ಒಂದು ದುಪಟಿ ಕೈ ಜಾರಿ ತೇಲಿ ಹೋಯಿತೆಂದು ಅಕ್ಕ ಎರಡು ಹೆಜ್ಜೆ ಮುಂದೆ ಇಟ್ಟಳು, ಅಷ್ಟೆ. ದಡದ ಮೇಲೆ ನಾಲ್ಕು ಜನ ದೊಡ್ಡ ಹೆಂಗಸರಿದ್ದರು. ಎಲ್ಲರೂ ಬಾಯಿ ಬಡಿದುಕೊಂಡು ಕೂಗಿದರು. ಗದ್ದೆಯಿಂದ ಗಂಡಸರು ಓಡಿ ಬರುವ ಹೊತ್ತಿಗೆ ಆಗುವುದು ಆಗಿಹೋಗಿತ್ತು. ಅವತ್ತಿನಿಂದ ನಮ್ಮವ್ವನ ಬಾಯಲ್ಲಿ ಒಂದೇ ಮಾತು, “ನೀರಿನ ಹತ್ತಿರ ಹೋಗಬೇಡ ಕಣೇ!” ನನ್ನ ತಮ್ಮ ಮಾತ್ರ ಬಾವಿಗೆ ಬಿದ್ದು ಎದ್ದು ಈಜು ಕಲಿತ. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಸೋದರಮಾವ ಕಲಿಸಿದರು. ನನ್ನನ್ನು ಬಾವಿಯ ಕಟ್ಟೆ ಹತ್ತಲೂ ಬಿಡಲಿಲ್ಲ. ಮುಳುಗಿ ಸತ್ತವಳು ಹೆಣ್ಣುಮಗಳು, ಈಜು ಕಲಿಸಿದ್ದು ಗಂಡುಮಗನಿಗೆ! ಇದು ವಿಚಿತ್ರ ಎಂದು ನನಗೆ ಹೊಳೆಯಲು ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು ನೋಡಿ. ಅಲ್ಲಿಯವರೆಗೆ ನಾನೂ ನನ್ನ ಮಗಳಿಗೆ ನಮ್ಮವ್ವನ ಮಾತನ್ನೇ ಹೇಳಿಕೊಂಡು ಬಂದೆ. ಸಂಗಮಕ್ಕೆ, ಮೇಕೆದಾಟಿಗೆ ಹೋದರೆ ಅವಳ ಕೈ ಬಿಡುತ್ತಿರಲಿಲ್ಲ. ಅಲ್ಲಿ ಸುಳಿ ಇದೆ, ಬಂಡೆ ಜಾರುತ್ತೆ ಎಂದು ಬೋರ್ಡು ಹಾಕಿದ್ದರೂ ನೀರಿಗಿಳಿದು ಹೋದವರ ಸುದ್ದಿ ನಮ್ಮ ತಾಲ್ಲೂಕಿನವರಿಗೆ ಹೊಸದೇನೂ ಅಲ್ಲ.

ಸಂಜೆ ನಾನೇ ಫೋನು ಮಾಡಿ, “ಹೋಗೋದಾದ್ರೆ ನಾನೂ ಬರ್ತೀನಿ” ಅಂದೆ. ಬೇಡ ಅಂದರೆ ಹೇಳದೆ ಹೋಗುತ್ತಾಳೆ, ಜೊತೆಗಿದ್ದರೆ ಕಣ್ಣೆದುರಿಗಾದರೂ ಇರುತ್ತಾಳೆ ಎಂಬ ಲೆಕ್ಕ ನನ್ನದು. ಹೊತ್ತೂ ಕೂಡಿ ಬಂದಿತ್ತು. ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹಾಕಿ ಆಗಿತ್ತು. ಹುಳುವಿನ ಮನೆ ತೊಳೆದು ಔಷಧಿ ಹೊಡೆದು, ಮುಂದಿನ ಚಾಕಿ ತರಲು ಇನ್ನೂ ಒಂದು ವಾರವಿತ್ತು. ರೇಷ್ಮೆ ಮಾಡುವ ಮನೆಯ ಹೆಂಗಸಿಗೆ ಇಂಥ ವಾರ ಎರಡು ತಿಂಗಳಿಗೊಂದು ಸಿಕ್ಕರೆ ಪುಣ್ಯ. ನಮ್ಮೆಜಮಾನರು “ಹೋಗಿ ಬಾ, ನೀನೂ ಒಂದು ಹಲಗೆ ಹತ್ತು” ಎಂದು ನಕ್ಕರು. ನಮ್ಮತ್ತೆ ಮಾತ್ರ, “ದುಡ್ಡು ಕೊಟ್ಟು ನೀರಿಗೆ ಬೀಳಾಕೆ ಓಯ್ತಾರಾ ಯಾರಾದ್ರೂವೆ?” ಎಂದು ಮೂರು ದಿನ ಗೊಣಗಿದರು.

ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಉಡುಪಿಗೆ ಇಳಿದೆವು. ಅಲ್ಲಿಂದ ಕೆಮ್ಮಣ್ಣು, ಹೂಡೆಯ ಕಡೆಗೆ ಹೋಗುವ ರಸ್ತೆ. ಕೊನೆಯ ಕೆಲವು ಮೈಲಿ ಹೋಗುತ್ತಾ ಹೋಗುತ್ತಾ ನೆಲ ಸಣ್ಣದಾಗುತ್ತದೆ. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ಒಂದು ರಸ್ತೆ, ತೆಂಗಿನ ಮರ, ಮನೆಗಳು. ಸ್ವರ್ಣಾ, ಸೀತಾ ಹೊಳೆಗಳ ನೀರು ಸಮುದ್ರ ಸೇರುವ ಅಳಿವೆಯ ಹತ್ತಿರ ಆ ನೆಲವೂ ಮುಗಿದುಹೋಗುತ್ತದೆ. ಅದೇ ಕೋಡಿ ಬೆಂಗ್ರೆ. ನಮ್ಮೂರಿನ ಹೆಸರಿನಲ್ಲೂ ಕೋಡಿ ಇದೆಯಲ್ಲ, ನಮ್ಮಲ್ಲಿ ಕೆರೆ ತುಂಬಿ ಹೆಚ್ಚಿನ ನೀರು ಹರಿದುಹೋಗುವ ಜಾಗಕ್ಕೆ ಕೋಡಿ ಅನ್ನುತ್ತೇವೆ ಎಂದು ನಾವಿಳಿದುಕೊಂಡ ಮನೆಯಾಕೆಗೆ ಹೇಳಿದೆ. ಅವರು “ಹೌದಾ ಮಾರಾಯ್ರೆ! ನಮ್ಮಲ್ಲಿ ಕೊಡಿ ಅಂದ್ರೆ ತುದಿ” ಅಂದರು. ಅವರ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಗಂಡ ದೋಣಿಗೆ ಹೋಗುವವರು. ಆಕೆಯ ಕೈಯ ನೀರುದೋಸೆಯ ಮಾತು ಎತ್ತಿದರೆ ಈ ಪುಟ ಅಲ್ಲೇ ಮುಗಿದೀತು. ಒಂದೇ ಗುಟ್ಟು ಹೇಳುತ್ತೇನೆ. ನಾವು ಹಿಟ್ಟು ನೀರಾಗಿದೆ ಅನ್ನುವ ಹಂತಕ್ಕೆ ಬಂದ ಮೇಲೂ ಅವರು ಇನ್ನೊಂದು ಲೋಟ ನೀರು ಹಾಕುತ್ತಾರೆ, ಕಾವಲಿ ಚೆನ್ನಾಗಿ ಕಾಯುವ ತನಕ ಹಿಟ್ಟು ಮುಟ್ಟುವುದಿಲ್ಲ.

ಇನ್ನೊಂದು ಕೋಣೆಯಲ್ಲಿ ಇದ್ದವರು ಆಸ್ಟ್ರೇಲಿಯಾದ ಒಬ್ಬ ಹೆಂಗಸು. ಅರವತ್ತು ದಾಟಿದವರು, ಮೊಮ್ಮಕ್ಕಳಿರುವ ಅಜ್ಜಿ. ಬಿಸಿಲಿಗೆ ಸುಟ್ಟ ಮುಖ, ಗಂಡಸಿನ ಹಾಗೆ ಅಗಲವಾದ ಭುಜ. ನಲವತ್ತೈದು ವರ್ಷದಿಂದ ಸರ್ಫಿಂಗ್ ಮಾಡುತ್ತಿದ್ದಾರಂತೆ. ನಮಗಿಂತ ಒಂದು ದಿನ ಮೊದಲು ಬಂದಿದ್ದರು, ನಮ್ಮ ದೇಶದ ಕರಾವಳಿಗೆ ಬಂದದ್ದು ಅದೇ ಮೊದಲು. ಇಷ್ಟು ಪಳಗಿದವರು ಬಂದ ದಿನವೇ ನೀರಿಗೆ ಹಾರಿರುತ್ತಾರೆ ಎಂದು ನಾನು ಎಣಿಸಿದ್ದೆ. ಮನೆಯಾಕೆ ನಗುತ್ತಾ ಹೇಳಿದರು, “ಇಲ್ಲಪ್ಪ, ನಿನ್ನೆ ಇಡೀ ದಿನ ಹಲಗೆಯನ್ನು ಜಗಲಿಯಲ್ಲಿ ಇಟ್ಟು ಮರಳಿನ ಮೇಲೆ ಕೂತಿದ್ರು. ನಮ್ಮವರ ಹತ್ರ ಕೈಭಾಷೆಯಲ್ಲಿ ಏನೇನೋ ಕೇಳ್ತಿದ್ರು.”

ಮರುದಿನ ಬೆಳಗಾಗುವ ಮೊದಲೇ ಆ ಅಜ್ಜಿ ಮತ್ತೆ ಹೋಗಿ ಕೂತರು. ನಾವೂ ಹೋಗಿ ಪಕ್ಕದಲ್ಲಿ ಕೂತೆವು. ಏನು ನೋಡುತ್ತಿದ್ದೀರಿ ಎಂದು ಮಗಳ ಮೂಲಕ ಕೇಳಿಸಿದೆ. ಅವರು ಮರಳಿನಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಗೆಳತಿಯರೇ, ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಮಕ್ಕಳನ್ನು ಕರೆದುಕೊಂಡು ಗೋಕರ್ಣಕ್ಕೋ ಮುರುಡೇಶ್ವರಕ್ಕೋ ನೀವೂ ಹೋಗುತ್ತೀರಿ.

ಅಲೆ ಸಾಲಾಗಿ ಬಂದು ಒಡೆದು ನೊರೆಯಾಗುತ್ತದೆ, ಅಲ್ಲವೇ? ದಡಕ್ಕೆ ಬಂದ ಅಷ್ಟೂ ನೀರು ವಾಪಸು ಹೋಗಲೇಬೇಕು. ಅದು ಎಲ್ಲ ಕಡೆಯಿಂದ ಸಮನಾಗಿ ಹೋಗುವುದಿಲ್ಲ. ತಗ್ಗಿದ್ದ ಕಡೆ ಕೂಡಿಕೊಂಡು ಒಂದು ಕಾಲುವೆಯ ಹಾಗೆ ಜೋರಾಗಿ ಸಮುದ್ರದ ಕಡೆಗೆ ಓಡುತ್ತದೆ. ನಮ್ಮವರು ಸುಳಿ ಅನ್ನುವುದು, ಸೆಳೆತ ಅನ್ನುವುದು ಬಹಳ ಸಲ ಇದನ್ನೇ. ಅದು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದನ್ನು ಗುರುತು ಹಿಡಿಯುವುದು ಹೇಗೆ? ಎರಡು ಕಡೆ ಬಿಳಿ ನೊರೆ ಇದ್ದು ನಡುವೆ ಒಂದು ಜಾಗದಲ್ಲಿ ಮಾತ್ರ ಅಲೆ ಒಡೆಯದೆ ನೀರು ಸುಮ್ಮನಿದ್ದರೆ, ಅಲ್ಲಿ ನೀರಿನ ಬಣ್ಣ ಬೇರೆಯಾಗಿ, ಮರಳು ಕಲಸಿದಂತಿದ್ದರೆ, ನೊರೆ ದಡದಿಂದ ಆಚೆಗೆ ಹೋಗುತ್ತಿದ್ದರೆ, ಅದೇ. ಅವರು ಬೆರಳು ಮಾಡಿದ ಕಡೆ ನೋಡಿ ನನ್ನ ಎದೆ ಝಲ್ಲೆಂದಿತು. ಯಾಕೆ ಗೊತ್ತೇ? ಹಿಂದಿನ ಸಂಜೆ ನಾನು ಮಗಳಿಗೆ, “ಅಲ್ನೋಡು, ಅಲ್ಲಿ ನೀರು ಎಷ್ಟು ಶಾಂತವಾಗಿದೆ, ಇಳಿಯೋದಾದ್ರೆ ಅಲ್ಲೇ ಇಳಿ” ಎಂದು ತೋರಿಸಿದ್ದು ಅದೇ ಜಾಗ.

ಸರ್ಫಿಂಗ್ ಮಾಡುವವರು ಆ ಸೆಳೆತವನ್ನೇ ರಸ್ತೆ ಮಾಡಿಕೊಂಡು ಅಲೆಗಳ ಆಚೆ ಹೋಗುತ್ತಾರಂತೆ. ಈಜು ಬಾರದ ನಮ್ಮಂಥವರಿಗೆ ಅದೇ ಮೃತ್ಯು. ಸಿಕ್ಕಿಬಿದ್ದರೆ ದಡದ ಕಡೆಗೆ ನೇರವಾಗಿ ಬಡಿದಾಡಬಾರದು. ಗಟ್ಟಿ ಆಳಿಗೂ ಅದಕ್ಕೆ ಎದುರು ಈಜಲಾಗದು, ಸುಸ್ತಾಗಿ ಮುಳುಗುತ್ತಾರೆ. ಅಂಗಾತ ತೇಲಬೇಕು, ಕೈ ಎತ್ತಿ ಕರೆಯಬೇಕು, ಈಜು ಬಂದರೆ ದಡದ ಉದ್ದಕ್ಕೂ ಪಕ್ಕಕ್ಕೆ ಈಜಬೇಕು. ಆ ಕಾಲುವೆಯ ಅಗಲ ದಾಟಿದರೆ ಅಲೆಗಳೇ ಈಚೆಗೆ ತಂದು ಹಾಕುತ್ತವೆ. ಮೀನುಗಾರರನ್ನು ಅವರು ಕೇಳಿದ್ದೂ ಇದೇ: ಅಳಿವೆಯ ನೀರು ಯಾವ ಹೊತ್ತಿಗೆ ಒಳಗೆ ಬರುತ್ತೆ, ಯಾವ ಹೊತ್ತಿಗೆ ಹೊರಗೆ ಹೋಗುತ್ತೆ, ಮಳೆಗಾಲ ಕಳೆದ ಮೇಲೆ ಮರಳಿನ ದಿಬ್ಬ ಎಲ್ಲಿ ಕೂತಿದೆ? ನಲವತ್ತೈದು ವರ್ಷದ ಅನುಭವ ಇದ್ದವರು ಹೊಸ ಊರಿನ ನೀರಿಗೆ ಇಳಿಯುವ ಮೊದಲು ಒಂದೂವರೆ ದಿನ ದಡದಲ್ಲಿ ಕೂತರು. ನಮ್ಮ ಟೂರಿನ ಬಸ್ಸಿನವರು ಅರ್ಧ ಗಂಟೆ ಕೊಟ್ಟು “ಬೇಗ ಬೇಗ ನೀರಾಟ ಮುಗಿಸ್ರಪ್ಪ” ಅನ್ನುತ್ತಾರೆ.

ಅಲೆಯ ವಿಚಾರವೂ ನನಗೆ ತಿಳಿದಿರಲಿಲ್ಲ. ಎಲೆ ಅಲ್ಲಾಡದ ದಿನವೂ ಅಲೆ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಸಾವಿರಾರು ಮೈಲಿ ದಕ್ಷಿಣದಲ್ಲಿ, ಮಹಾಸಾಗರದ ನಡುವೆ ಬೀಸಿದ ಬಿರುಗಾಳಿ ನೀರನ್ನು ಎಬ್ಬಿಸುತ್ತದೆಯಂತೆ. ಅದು ಎಷ್ಟೋ ದಿನ ಉರುಳಿಕೊಂಡು ಬಂದು ಇಲ್ಲಿಯ ದಡ ಮುಟ್ಟುತ್ತದೆ. ದಡದ ಹತ್ತಿರ ನೆಲ ಅಡ್ಡ ಬಂದು ಅಲೆಯ ಕಾಲು ಹಿಡಿದಂತಾಗುತ್ತದೆ, ತಲೆ ಮುಂದಕ್ಕೆ ಮುಗ್ಗರಿಸುತ್ತದೆ. ಆ ಮುಗ್ಗರಿಸುವ ಗಳಿಗೆಯಲ್ಲಿ ಹಲಗೆ ಅದರ ಮೇಲಿರಬೇಕು, ಅದೇ ಸರ್ಫಿಂಗ್. ಇಲ್ಲಿ ಮಳೆಯೂ ಇಲ್ಲ ಗಾಳಿಯೂ ಇಲ್ಲದಾಗ ಹೀಗೆ ದೂರದಿಂದ ಬಂದ ಅಲೆ ಒಮ್ಮೊಮ್ಮೆ ಊರೊಳಗೆ ನುಗ್ಗುವುದುಂಟು. ಕೇರಳದವರು ಅದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ಈಗ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅದರ ಮುನ್ಸೂಚನೆ ಕೊಡುತ್ತದೆ.

ಈ ಆಟ ನಮ್ಮ ಕರಾವಳಿಗೆ ಬಂದದ್ದೂ ಹೀಗೆ ಹೊರಗಿನಿಂದ ಬಂದವರಿಂದಲೇ. ಅಮೆರಿಕದ ಫ್ಲಾರಿಡಾ ಕಡೆಯವರಾದ ಜಾಕ್ ಹೆಬ್ನರ್ ಎಂಬುವರು ಹರೆಯದಲ್ಲೇ ಸರ್ಫಿಂಗ್ ಕಲಿತವರು, ಆಮೇಲೆ ನಮ್ಮ ದೇಶಕ್ಕೆ ಬಂದು ಸನ್ಯಾಸಿಯಾದರು. 2004ರಲ್ಲಿ ಮೂಲ್ಕಿಯಲ್ಲಿ ಅವರು ಆಶ್ರಮವನ್ನೂ ಅದರ ಜೊತೆಗೆ ಸರ್ಫಿಂಗ್ ಕಲಿಕೆಯನ್ನೂ ಶುರು ಮಾಡಿದರು. ಜನ ಅವರನ್ನು ಸರ್ಫಿಂಗ್ ಸ್ವಾಮಿ ಎಂದೇ ಕರೆದರು. ಈಗ ಅವರಿಲ್ಲ. ಇನ್ನು ಕೋಡಿ ಬೆಂಗ್ರೆಯದು ಬೇರೆ ಕತೆ. ಮುಂಬಯಿಯಿಂದ ಮಣಿಪಾಲಕ್ಕೆ ಓದಲು ಬಂದ ಇಶಿತಾ ಮಾಳವೀಯ ಎಂಬ ಹುಡುಗಿ, ಅವಳ ಜೊತೆಗಾರ ತುಷಾರ್ ಪಥಿಯಾನ್, ಇಬ್ಬರಿಗೂ ಜರ್ಮನಿಯಿಂದ ಬಂದಿದ್ದ ಒಬ್ಬ ವಿದ್ಯಾರ್ಥಿಯ ಪರಿಚಯವಾಯಿತು. ಅವನ ಹತ್ತಿರ ಹಲಗೆ ಇತ್ತು, ಅವನಿಂದ ಮೂಲ್ಕಿಯ ಆಶ್ರಮದ ಸುದ್ದಿ ತಿಳಿಯಿತು. 2007ರಲ್ಲಿ ಇವರಿಬ್ಬರೂ ಶಾಕಾ ಸರ್ಫ್ ಕ್ಲಬ್ ಎಂದು ಶುರು ಮಾಡಿ, ಕೋಡಿ ಬೆಂಗ್ರೆಯಲ್ಲಿ ಊರಿನ ಮಕ್ಕಳಿಗೂ ಕಲಿಸಿದರು. ನಮ್ಮ ದೇಶದಲ್ಲಿ ಸರ್ಫಿಂಗನ್ನೇ ವೃತ್ತಿ ಮಾಡಿಕೊಂಡ ಮೊದಲ ಹೆಣ್ಣುಮಗಳೆಂದು ಇಶಿತಾಳ ಹೆಸರು ಹೇಳುತ್ತಾರೆ. ಮೂಲ್ಕಿಯಲ್ಲಿ ಕಲಿತ ತನ್ವಿ ಜಗದೀಶ್ ನಿಂತುಕೊಂಡು ಹುಟ್ಟು ಹಾಕುವ ಹಲಗೆಯ ಪಂದ್ಯಕ್ಕೆ 2016ರಲ್ಲಿ ಫಿಜಿ ದ್ವೀಪದ ತನಕ ಹೋಗಿ ಬಂದಳು. ಅದೇ 2016ರಲ್ಲಿ ಮೂಲ್ಕಿಯ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಎಂಬ ದೊಡ್ಡ ಪಂದ್ಯ ನಡೆಯಿತು. ಇಷ್ಟೆಲ್ಲ ನಮ್ಮ ರಾಜ್ಯದಲ್ಲೇ ನಡೆಯುತ್ತಿದ್ದರೂ ನನಗೆ ಗೊತ್ತಿದ್ದದ್ದು ಮಲ್ಪೆಯ ಅರ್ಧ ಗಂಟೆ ಮಾತ್ರ.

ಸರಿ, ಮಗಳ ಪಾಠಕ್ಕೆ ಬರೋಣ. ಹೇಳಿಕೊಡುವ ಹುಡುಗ ಅದೇ ಊರಿನವನು. ಮೊದಲ ಒಂದು ಗಂಟೆ ನೀರೇ ಇಲ್ಲ, ಎಲ್ಲ ಮರಳಿನ ಮೇಲೆ. ಹಲಗೆಯ ಮೇಲೆ ಬೋರಲು ಮಲಗು, ಕೈಯಿಂದ ಮರಳು ತೋಡು, ಎರಡೂ ಅಂಗೈ ಊರು, ಒಂದೇ ಸಲಕ್ಕೆ ಎದ್ದು ನಿಲ್ಲು. ಯಾವ ಕಾಲು ಮುಂದೆ ಬರಬೇಕು ಎಂದು ನೋಡಲು ಹೇಳದೆ ಕೇಳದೆ ಹಿಂದಿನಿಂದ ಮೆಲ್ಲನೆ ತಳ್ಳಿದ. ಮುಗ್ಗರಿಸುವಾಗ ಮುಂದೆ ಬಂದ ಕಾಲೇ ಹಲಗೆಯ ಮೇಲೂ ಮುಂದಿರಬೇಕಂತೆ. ಕಲಿಯುವವರಿಗೆ ಕೊಡುವ ಹಲಗೆ ಮರದ್ದಲ್ಲ, ಮೇಲೆ ಮೆತ್ತಗಿರುತ್ತದೆ, ತಲೆಗೆ ತಾಗಿದರೂ ಒಡೆಯುವುದಿಲ್ಲ. ಹಲಗೆಯಿಂದ ಒಂದು ಹಗ್ಗ ಬಂದು ಕಾಲಿನ ಮಣಿಕಟ್ಟಿಗೆ ಪಟ್ಟಿ ಹಾಕಿ ಕಟ್ಟುತ್ತಾರೆ. ಬಿದ್ದರೆ ಹಲಗೆ ಓಡಿಹೋಗುವುದಿಲ್ಲ, ಹಗ್ಗ ಎಳೆದುಕೊಂಡು ಅದನ್ನೇ ಅಪ್ಪಿ ತೇಲಬಹುದು. ಈ ಹಗ್ಗ ನೋಡಿ ನನಗೆ ಸ್ವಲ್ಪ ಜೀವ ಬಂತು.

ಸೊಂಟದ ನೀರಿನಲ್ಲಿ, ಆಗಲೇ ಒಡೆದ ನೊರೆಯ ಮೇಲೆ ಅಭ್ಯಾಸ. ಮೊದಲ ಸಲ ಬಿದ್ದಳು. ಎರಡನೇ ಸಲ ಬಿದ್ದಳು. ನಾಲ್ಕನೆಯದೋ ಐದನೆಯದೋ ಸಲ ಅಲೆ ಅವಳನ್ನು ಬುಡಮೇಲು ಮಾಡಿತು. ಹಲಗೆ ಮಾತ್ರ ಮೇಲೆ ಕಾಣುತ್ತಿತ್ತು, ಮಗಳಿಲ್ಲ. ಎಷ್ಟು ಹೊತ್ತು ಅಂತೀರಿ? ಐದಾರು ಎಣಿಸುವಷ್ಟು ಹೊತ್ತು. ನಾನು ದುಪಟಿ ಹಿಡಿಯಲು ಹೋದ ಕೈ ಕಂಡೆ, ನಮ್ಮೂರ ಕೆರೆ ಕಂಡೆ. ಕೂಗಲು ಬಾಯಿ ತೆರೆದರೆ ದನಿ ಬರಲಿಲ್ಲ. ಅಷ್ಟರಲ್ಲಿ ಮಗಳು ಎದ್ದು ನಿಂತು ಮೂಗಿನಿಂದ ನೀರು ಸುರಿಸಿಕೊಂಡು ಗಹಗಹಿಸಿ ನಗುತ್ತಿದ್ದಳು. ನಾನು ಮರಳಿನ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ದಡದಲ್ಲಿ ಬಲೆ ಎಳೆಯುತ್ತಿದ್ದವರೆಲ್ಲ ನೋಡಿದರು, ನೋಡಲಿ.

ಆ ಅಜ್ಜಿ ಬಂದು ಪಕ್ಕದಲ್ಲಿ ಕೂತರು. ಸಮಾಧಾನ ಮಾಡಲಿಲ್ಲ, ಬೆನ್ನು ಸವರಲಿಲ್ಲ. ಮಗಳು ಬಂದ ಮೇಲೆ ಅಕ್ಕನ ವಿಚಾರ ಹೇಳಿಸಿದೆ. ನನ್ನ ಮಗಳಿಗೂ ಅಷ್ಟು ವಿವರವಾಗಿ ಹೇಳಿದ್ದು ಅದೇ ಮೊದಲು. ಹೇಳುತ್ತಾ ಹೇಳುತ್ತಾ ಅವಳೇ ಅಳುತ್ತಿದ್ದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮೂರ ಕಡೆಯ ಒಂದು ಹುಡುಗಿಯ ಕತೆ ಹೇಳಿದರು.

ಹವಾಯಿ ದ್ವೀಪದ ಡ್ಯೂಕ್ ಕಹಾನಮೋಕು ಎಂಬುವನು 1912ರ ಒಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದವನು. 1914ರ ಕೊನೆಗೆ ಅವನನ್ನು ಈಜು ತೋರಿಸಲು ಸಿಡ್ನಿಗೆ ಕರೆಸಿದ್ದರು. ಬಂದವನು ಫ್ರೆಶ್‌ವಾಟರ್ ಎಂಬ ಕಡೆ ಅಲೆಗಳನ್ನು ನೋಡಿದ. ಅವನ ಹತ್ತಿರ ಹಲಗೆ ಇರಲಿಲ್ಲ. ಅಲ್ಲೇ ಸಿಕ್ಕಿದ ಪೈನ್ ಮರದಲ್ಲಿ ಎಂಟೂವರೆ ಅಡಿ ಉದ್ದದ ಹಲಗೆ ಮಾಡಿಕೊಂಡು ಜನರೆದುರು ಅಲೆಯ ಮೇಲೆ ನಿಂತು ಬಂದ. ಆ ಬೇಸಿಗೆಯಲ್ಲೇ ಇಸಬೆಲ್ ಲೆತಮ್ ಎಂಬ ಹದಿನೈದು ವರ್ಷದ ಹುಡುಗಿಯನ್ನು ಹಲಗೆಯ ಮುಂದೆ ಹತ್ತಿಸಿಕೊಂಡ. ಅಲೆಯ ನೆತ್ತಿಯ ಮೇಲೆ ಹೋದಾಗ ಅವಳಿಗೆ ಬಂಡೆಯ ತುದಿಯಿಂದ ಕೆಳಗೆ ನೋಡಿದ ಹಾಗಾಗಿ ಬೇಡ ಬೇಡ ಎಂದು ಕಿರುಚಿಕೊಂಡಳಂತೆ. ಅವನು ಕತ್ತಿನ ಹಿಂಬದಿ ಹಿಡಿದು ಎಬ್ಬಿಸಿ ನಿಲ್ಲಿಸಿದನಂತೆ. ಆ ಹಲಗೆ ಇಂದಿಗೂ ಆ ಊರಿನ ಕ್ಲಬ್ಬಿನಲ್ಲಿದೆ. ಆದರೆ ಅಜ್ಜಿಗೆ ಹೇಳಬೇಕಾಗಿದ್ದದ್ದು ಅದಲ್ಲ. ಆ ಇಸಬೆಲ್ ದೊಡ್ಡವಳಾಗಿ ಅಮೆರಿಕಕ್ಕೆ ಹೋಗಿ ಈಜು ಹೇಳಿಕೊಡುವ ಕೆಲಸ ಮಾಡಿದಳು, ಆಮೇಲೆ ತನ್ನೂರಿಗೇ ವಾಪಸು ಬಂದು ವರ್ಷಗಟ್ಟಲೆ ಅಲ್ಲಿಯ ಮಕ್ಕಳಿಗೆ ಈಜು ಕಲಿಸಿದಳು. “ಅಲೆಯ ಮೇಲೆ ನಿಂತದ್ದು ಎರಡು ನಿಮಿಷ, ಈಜು ಕಲಿಸಿದ್ದು ಇಡೀ ಆಯುಷ್ಯ” ಎಂದು ಅಜ್ಜಿ ಹೇಳಿದರು.

ಆವತ್ತು ರಾತ್ರಿ ಮನೆಯಾಕೆಯ ಜಗಲಿಯಲ್ಲಿ ಮೂವರು ಹೆಂಗಸರು ಬಹಳ ಹೊತ್ತು ಕೂತಿದ್ದೆವು. ಸಮುದ್ರದ ಮನೆಯಲ್ಲಿ ಹುಟ್ಟಿ ಬೆಳೆದ ಆಕೆಗೂ ಈಜು ಬರುವುದಿಲ್ಲವಂತೆ! “ಮೀನು ಮಾರ್ಲಿಕ್ಕೆ ನಾವು, ನೀರಿಗೆ ಅವರು” ಅಂದರು. ನಾನು ಜೊತೆಗೆ ತಂದಿದ್ದ ರಾಗಿ ಹುರಿಹಿಟ್ಟಿಗೆ ಬೆಲ್ಲ, ತೆಂಗಿನಕಾಯಿ ಹಾಕಿ ಬಿಸಿ ಹಾಲಿನಲ್ಲಿ ಕಲಸಿ ಎಲ್ಲರಿಗೂ ಕೊಟ್ಟೆ. ಅಜ್ಜಿ ಎರಡು ಸಲ ಹಾಕಿಸಿಕೊಂಡು ಇದು ನೀರಿಗಿಳಿದು ಬಂದವರಿಗೆ ಹೇಳಿ ಮಾಡಿಸಿದ್ದು ಅಂದರು. (ಅರಳು ಹುರಿದ ರಾಗಿಯನ್ನೇ ಬೀಸಬೇಕು, ಅಂಗಡಿಯ ರಾಗಿಹಿಟ್ಟನ್ನು ಹುರಿದರೆ ಆ ಘಮ ಬರುವುದಿಲ್ಲ. ಇದನ್ನು ಹಿಂದೆಯೇ ಬರೆದಿದ್ದೇನೆ.)

ಅಲ್ಲಿ ಕೂತಾಗಲೇ ನನಗೆ ಹಳೆಯ ಒಂದು ಸುದ್ದಿ ನೆನಪಾಯಿತು. 2020ರ ಆಗಸ್ಟಿನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಎಂಬಲ್ಲಿ ಅಣೆಕಟ್ಟಿನ ನೀರಿಗೆ ಇಳಿದ ಹುಡುಗರು ಮುಳುಗತೊಡಗಿದ್ದರು. ಬಟ್ಟೆ ಒಗೆಯಲು ಹೋಗಿದ್ದ ಮೂವರು ಹೆಂಗಸರು ಉಟ್ಟ ಸೀರೆಗಳನ್ನು ಬಿಚ್ಚಿ ನೀರಿಗೆ ಎಸೆದು ಇಬ್ಬರನ್ನು ಎಳೆದುಕೊಂಡರು. ಇನ್ನಿಬ್ಬರು ಉಳಿಯಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಒಂದು ಸೀರೆ ಐದೂವರೆ ಮೀಟರು. ನನ್ನಕ್ಕ ಇದ್ದದ್ದು ದಡದಿಂದ ಅದರ ಅರ್ಧ ದೂರದಲ್ಲಿ. ದಡದ ಮೇಲೆ ನಾಲ್ಕು ಜನ ಸೀರೆ ಉಟ್ಟವರಿದ್ದರು. ಆ ನಾಲ್ವರಲ್ಲಿ ಒಬ್ಬರು ನಮ್ಮವ್ವ. ಅವ್ವನಿಗೆ ನಾನು ಈ ಸುದ್ದಿಯನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನೀವಾದರೂ ನೆನಪಿಟ್ಟುಕೊಳ್ಳಿ. ಮುಳುಗುವವರನ್ನು ಕಂಡರೆ ಈಜು ಬಾರದವರು ನೀರಿಗೆ ಹಾರಬೇಡಿ, ಅವರು ನಿಮ್ಮನ್ನೇ ತಬ್ಬಿ ಮುಳುಗಿಸುತ್ತಾರೆ. ನೆಲದ ಮೇಲೆ ಬೋರಲು ಮಲಗಿ ಸೀರೆಯೋ ಹಗ್ಗವೋ ಉದ್ದನೆಯ ಕೋಲೋ ಚಾಚಿ. ಏನೂ ಇಲ್ಲದಿದ್ದರೆ ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಿರಿ, ಅದನ್ನು ಹಿಡಿದುಕೊಂಡು ತೇಲಬಹುದು. ಹಾಗೆಯೇ, ಸೀರೆ ಉಟ್ಟು ಮೊಣಕಾಲು ಮೇಲಿನ ನೀರಿಗೆ ಇಳಿಯಬೇಡಿ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಒದೆಯಲೂ ಆಗುವುದಿಲ್ಲ.

ಮೂರನೆಯ ದಿನ ನಾನೂ ಇಳಿದೆ. ಮಗಳ ಚೂಡಿದಾರ ಹಾಕಿಕೊಂಡು, ಮನೆಯಾಕೆಯನ್ನೂ ಎಳೆದುಕೊಂಡು. ಹಲಗೆಯ ಮೇಲೆ ನಿಂತೆ ಎಂದು ಬರೆದರೆ ನಿಮಗೆ ಖುಷಿಯಾಗುತ್ತಿತ್ತೇನೋ, ಆದರೆ ನಿಂತಿಲ್ಲ. ಹೊಳೆಯ ಕಡೆ, ಅಲೆಯಿಲ್ಲದ ಸೊಂಟದ ನೀರಿನಲ್ಲಿ ಅಂಗಾತ ತೇಲುವುದನ್ನು ಕಲಿಯಲು ಹೋದೆ. ಕಲಿಸುವ ಹುಡುಗ ತಲೆಯ ಕೆಳಗೆ ಕೈ ಕೊಟ್ಟಿದ್ದ. “ಕತ್ತು ಬಿಗಿ ಹಿಡಿಬೇಡಿ ಅಕ್ಕಾ, ಕಿವಿ ನೀರೊಳಗೆ ಹೋಗ್ಲಿ, ಹೊಟ್ಟೆ ಮೇಲೆ ಮಾಡಿ” ಅನ್ನುತ್ತಿದ್ದ. ಕಿವಿಗೆ ನೀರು ತಾಗಿದ ತಕ್ಷಣ ಎದ್ದು ನಿಲ್ಲುತ್ತಿದ್ದೆ. ಹನ್ನೊಂದು ಸಲ ಎದ್ದೆ ಎಂದು ಮಗಳು ಎಣಿಸಿದ್ದಾಳೆ. ಹನ್ನೆರಡನೆಯ ಸಲ ಆಕಾಶ ಕಂಡಿತು, ಒಂದು ಹದ್ದು ಸುತ್ತುತ್ತಿತ್ತು. ಕಿವಿಯೊಳಗೆ ಒಂದೂ ಶಬ್ದವಿಲ್ಲ. ಅವನು ಕೈ ತೆಗೆದದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಮುಳುಗಿ ಒಂದು ಲೋಟ ಉಪ್ಪುನೀರು ಕುಡಿದೆ, ಅದು ಬೇರೆ ಮಾತು. ಮನೆಯಾಕೆ ನನಗಿಂತ ಬೇಗ ಕಲಿತರು. ಅಜ್ಜಿ ಅಷ್ಟು ಹೊತ್ತಿಗೆ ಸಮುದ್ರದ ಕಡೆ ತಮ್ಮ ಉದ್ದನೆಯ ಹಲಗೆಯ ಮೇಲೆ ಕೈ ಇಳಿಬಿಟ್ಟುಕೊಂಡು, ಹಿತ್ತಲಲ್ಲಿ ನಡೆದಾಡುವವರ ಹಾಗೆ ಬರುತ್ತಿದ್ದರು. ಮಗಳು ಕೊನೆಯ ದಿನ ನೊರೆಯ ಮೇಲೆ ನಾಲ್ಕು ಸಲ ಎದ್ದು ನಿಂತಳು. ಫೋಟೋ ಇದೆ, ಆದರೆ ಬೆರಳು ಅಡ್ಡ ಬಂದು ಅವಳ ತಲೆ ಬಂದಿಲ್ಲ. ತೆಗೆದವಳು ನಾನೇ.

ಊರಿಗೆ ಬಂದ ಮೇಲೆ ಚಾಕಿ ತಂದು ಮತ್ತೆ ಸೊಪ್ಪು, ಹುಳು, ಎರಡನೇ ಜ್ವರ, ಮೂರನೇ ಜ್ವರ. ಆದರೆ ಒಂದು ಕೆಲಸ ಮಾತ್ರ ಮಾಡಿಸುತ್ತಿದ್ದೇನೆ. 2014ರಲ್ಲಿ ಸರ್ಕಾರ ಕೃಷಿ ಭಾಗ್ಯ ಶುರು ಮಾಡಿದ ಮೇಲೆ ನಮ್ಮ ಕಡೆ ಎಷ್ಟೋ ಹೊಲಗಳಲ್ಲಿ ಕೃಷಿ ಹೊಂಡ ಆಗಿವೆ. ನಮ್ಮದರಲ್ಲೂ ಇದೆ. ಆ ಹೊಂಡದ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಅದರ ಮೇಲೆ ಪಾಚಿ ಕಟ್ಟಿದರೆ ಎಣ್ಣೆ ಸವರಿದ ಹಾಗೆ. ಜಾರಿ ಬಿದ್ದರೆ ಈಜು ಬಲ್ಲವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ತಂತಿಬೇಲಿ ಹಾಕಿದ್ದೇವೆ, ಅದರ ಗೇಟು ಮುರಿದು ಒಂದು ವರ್ಷ. ಬೇಸಿಗೆ ರಜಕ್ಕೆ ನಾದಿನಿಯ ಮಕ್ಕಳು ಬರುತ್ತಾರೆ. ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗ ನಾಲ್ಕು ಮೂಲೆಗೂ ಇಳಿಬಿಡಬೇಕು, ಹಳೆ ಟ್ಯೂಬಿಗೆ ಗಾಳಿ ತುಂಬಿ ಎರಡು ತೇಲಿಬಿಡಬೇಕು, ಗೇಟು ರಿಪೇರಿಯಾಗಬೇಕು ಎಂದು ಹೇಳಿದೆ. ನಮ್ಮೆಜಮಾನರು, “ಆಯ್ತು ಮಾರಾಯ್ತಿ, ನೀನು ಕಡಲು ನೋಡಿ ಬಂದೋಳು” ಎಂದು ಹಾಸ್ಯ ಮಾಡಿಕೊಂಡೇ ಗೂಟ ನೆಟ್ಟರು. ನಮ್ಮತ್ತೆ ಹಗ್ಗಕ್ಕೆ ಗಂಟು ಹಾಕಿಕೊಟ್ಟರು, ಅವರ ಗಂಟು ಬಿಚ್ಚಲು ಯಾರಿಂದಲೂ ಆಗದು.

ಮೂರು ಮೂಲೆಗೆ ಕಟ್ಟಿ ಆಗಿದೆ. ನಾಲ್ಕನೆಯದಕ್ಕೆ ಹಗ್ಗ ಸಾಲಲಿಲ್ಲ, ಸೋಮವಾರ ಕನಕಪುರದಿಂದ ತರುತ್ತಾರೆ. ಹಿತಕಿದ ಬೇಳೆ ಮುಂದಿನ ಸಂಚಿಕೆಯಲ್ಲಿ, ಖಂಡಿತ.